ಪದವಿ ಗಡಿ ದಾಟುತ್ತದೆ, ಟಿಇಟಿ ದಾಟುತ್ತದೆಯೇ? ಬೇರೆ ರಾಜ್ಯಕ್ಕೆ ಹೋಗುವ ಶಿಕ್ಷಕರ ಮುಂದಿರುವ ಲೆಕ್ಕ

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಬಗ್ಗೆ ಕೊಟ್ಟ ತೀರ್ಪು ಸ್ಟಾಫ್ ರೂಮುಗಳಲ್ಲಿ ತಂದಿಟ್ಟ ಗೊಂದಲ ಇನ್ನೂ ತಿಳಿಯಾಗಿಲ್ಲ. ಒಂದರಿಂದ ಎಂಟನೇ ತರಗತಿಯವರೆಗೆ ಪಾಠ ಮಾಡುವವರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು, ಇಲ್ಲವೇ ಕೆಲಸ ಬಿಡಬೇಕು ಅಥವಾ ಕಡ್ಡಾಯ ನಿವೃತ್ತಿ ಪಡೆಯಬೇಕು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಟಿಇಟಿ ಇಲ್ಲದೆಯೂ ಮುಂದುವರಿಯಬಹುದು, ಆದರೆ ಬಡ್ತಿ ಸಿಗದು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ದೊಡ್ಡ ಪೀಠದ ಪರಿಶೀಲನೆಗೆ ಹೋಗಿದೆ.

ಸೇವೆಯಲ್ಲಿರುವವರ ಆತಂಕದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಮದುವೆಯಾಗಿ, ಸಂಗಾತಿಯ ವರ್ಗಾವಣೆಯಿಂದ ಅಥವಾ ಮನೆಯ ಜವಾಬ್ದಾರಿಯಿಂದ ಬೇರೆ ರಾಜ್ಯಕ್ಕೆ ಹೋಗಿ ಅಲ್ಲಿ ಶಿಕ್ಷಕ ಕೆಲಸ ಹುಡುಕುವವರ ಬಗ್ಗೆ ಅಷ್ಟು ಚರ್ಚೆ ಆಗಿಲ್ಲ. ಟಿಇಟಿ ಇಡೀ ದೇಶಕ್ಕೆ ಕಡ್ಡಾಯ ಎಂದಮೇಲೆ ಬೆಳಗಾವಿಯಲ್ಲಿ ಪಾಸಾದದ್ದು ಕೊಲ್ಹಾಪುರದಲ್ಲೂ ನಡೆಯಬೇಕಲ್ಲ ಎಂದು ಅವರು ಕೇಳುವುದು ಸಹಜ. ಆದರೆ ಅದು ಎಲ್ಲ ಕಡೆಯೂ ನಡೆಯುವುದಿಲ್ಲ. ಯಾವ ಶಾಲೆ, ಅದನ್ನು ನಡೆಸುವವರು ಯಾರು, ಯಾವ ತರಗತಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ನಿಯಮ ಕೇಂದ್ರದ್ದು, ಪರೀಕ್ಷೆ ರಾಜ್ಯದ್ದು

ಶಿಕ್ಷಣ ಹಕ್ಕು ಕಾಯ್ದೆಯ 23ನೇ ಸೆಕ್ಷನ್ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ನಿಗದಿ ಮಾಡುವ ಅಧಿಕಾರವನ್ನು ಕೇಂದ್ರದ ಪ್ರಾಧಿಕಾರಕ್ಕೆ ಕೊಟ್ಟಿದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಆ ಪ್ರಾಧಿಕಾರ. 2010ರ ಆಗಸ್ಟ್ 23ರ ಅಧಿಸೂಚನೆಯ ಮೂಲಕ ಅದು ಟಿಇಟಿಯನ್ನು ಕಡ್ಡಾಯ ಮಾಡಿತು. ಪರೀಕ್ಷೆ ನಡೆಸುವ ಹೊಣೆ ಮಾತ್ರ ಆಯಾ ರಾಜ್ಯಗಳ ಪಾಲಿಗೆ ಬಂತು. ಕೇಂದ್ರದ ಶಾಲೆಗಳಿಗಾಗಿ ಸಿಬಿಎಸ್ಇ ಪ್ರತ್ಯೇಕವಾಗಿ ಸಿಟಿಇಟಿ, ಅಂದರೆ ಕೇಂದ್ರೀಯ ಟಿಇಟಿ, ನಡೆಸುತ್ತದೆ.

ಒಂದು ಪರೀಕ್ಷೆಯ ಪ್ರಮಾಣಪತ್ರ ಎಲ್ಲಿ ನಡೆಯುತ್ತದೆ ಎಂಬುದನ್ನು ಎನ್‌ಸಿಟಿಇಯ 2011ರ ಫೆಬ್ರುವರಿ ಮಾರ್ಗಸೂಚಿ ಹೇಳುತ್ತದೆ. ಕೇಂದ್ರ ಸರ್ಕಾರದ ಶಾಲೆಗಳಿಗೆ ಸಿಟಿಇಟಿ. ರಾಜ್ಯ ಸರ್ಕಾರದ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳಿಗೆ ಆ ರಾಜ್ಯದ ಟಿಇಟಿ. ಅನುದಾನರಹಿತ ಖಾಸಗಿ ಶಾಲೆಗಳು ಇವೆರಡರಲ್ಲಿ ಯಾವುದನ್ನಾದರೂ ಒಪ್ಪಿಕೊಳ್ಳಬಹುದು. ರಾಜ್ಯದ ಶಾಲೆಗಳು ಬೇರೆ ರಾಜ್ಯದ ಟಿಇಟಿಯನ್ನೂ ಪರಿಗಣಿಸಬಹುದು ಎಂದು ಮಾರ್ಗಸೂಚಿ ಸೇರಿಸುತ್ತದೆ. ಇದು ರಾಜ್ಯಕ್ಕೆ ಕೊಟ್ಟ ಆಯ್ಕೆ ಅಷ್ಟೇ. ರಾಜ್ಯ ಒಪ್ಪಿಕೊಂಡರೆ ಅನುಕೂಲ. ಒಪ್ಪದಿದ್ದರೆ ಈ ಸಾಲನ್ನು ತೋರಿಸಿ ಹಕ್ಕು ಕೇಳಲು ಆಗುವುದಿಲ್ಲ. ರಾಜ್ಯವೊಂದು ಟಿಇಟಿಯನ್ನೇ ನಡೆಸದಿರಲು ತೀರ್ಮಾನಿಸಿದರೆ ಮಾತ್ರ ಅಲ್ಲಿನ ಶಾಲೆಗಳು ಸಿಟಿಇಟಿಯನ್ನು ಪರಿಗಣಿಸಬೇಕು.

ಆದ್ದರಿಂದ ನೇಮಕಾತಿ ಅಧಿಸೂಚನೆ ಕೈಗೆ ಬಂದಾಗ ಹುದ್ದೆಗಳ ಸಂಖ್ಯೆಗಿಂತ ಮೊದಲು ವಿದ್ಯಾರ್ಹತೆಯ ಭಾಗದಲ್ಲಿರುವ ಟಿಇಟಿ ಸಾಲನ್ನು ಓದಬೇಕು. ಅಲ್ಲಿ ಆ ರಾಜ್ಯದ ಪರೀಕ್ಷೆಯ ಹೆಸರು ಮಾತ್ರ ಇದ್ದರೆ ಬೇರೆ ರಾಜ್ಯದ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. 'ಅಥವಾ ಸಿಟಿಇಟಿ' ಎಂದಿದ್ದರೆ ಸಿಟಿಇಟಿ ಸಾಕು. ಆನ್‌ಲೈನ್ ಅರ್ಜಿಯಲ್ಲಿ ಟಿಇಟಿ ನೋಂದಣಿ ಸಂಖ್ಯೆ ಕೇಳುವ ಕಾಲಂ ಇರುತ್ತದೆ. ಅದು ಬೇರೆ ರಾಜ್ಯದ ಸಂಖ್ಯೆಯನ್ನು ಸ್ವೀಕರಿಸಿದ ಮಾತ್ರಕ್ಕೆ ಅರ್ಹತೆ ಖಚಿತವಾಯಿತು ಎಂದುಕೊಳ್ಳಬಾರದು. ಎಷ್ಟೋ ಅರ್ಜಿಗಳು ಪರೀಕ್ಷೆ ಬರೆದು ಪಟ್ಟಿಯಲ್ಲಿ ಹೆಸರು ಬಂದ ಮೇಲೆ, ಮೂಲ ದಾಖಲೆ ಪರಿಶೀಲನೆಯ ದಿನ ಬೀಳುತ್ತವೆ.

ರಾಜ್ಯಗಳು ಬೇರೆ ರಾಜ್ಯದ ಟಿಇಟಿಗೆ ಹಿಂಜರಿಯಲು ಎರಡು ಕಾರಣಗಳಿವೆ. ಮೊದಲನೆಯದು ಭಾಷೆ. ಪ್ರತಿ ಪತ್ರಿಕೆಯ 150 ಅಂಕಗಳಲ್ಲಿ 60 ಅಂಕ ಎರಡು ಭಾಷೆಗಳಿಗೆ ಮೀಸಲು. ಕರ್ನಾಟಕದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಬರೆದು ಪಾಸಾದವರಿಗೆ ಮರಾಠಿ ಅಥವಾ ತಮಿಳು ಬರುತ್ತದೆ ಎಂಬುದಕ್ಕೆ ಆ ಪ್ರಮಾಣಪತ್ರ ಸಾಕ್ಷಿಯಾಗದು. ಎರಡನೆಯದು ಅಂಕದ ತೂಕ. ಆಂಧ್ರಪ್ರದೇಶ ಮತ್ತು ತೆಲಂಗಾಣದ ಡಿಎಸ್‌ಸಿ (ಜಿಲ್ಲಾ ಆಯ್ಕೆ ಸಮಿತಿ) ಶಿಕ್ಷಕ ನೇಮಕಾತಿಯಲ್ಲಿ ಅಂತಿಮ ಅಂಕದ 20 ಭಾಗ ಟಿಇಟಿಯಿಂದ ಬರುತ್ತದೆ. ಬೇರೆ ಬೇರೆ ರಾಜ್ಯಗಳ ಪ್ರಶ್ನೆಪತ್ರಿಕೆಯ ಕಠಿಣತೆ ಒಂದೇ ಸಮ ಇರುವುದಿಲ್ಲ. ಅವುಗಳ ಅಂಕವನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಸ್ಥಳೀಯ ಅಭ್ಯರ್ಥಿಗಳು ನ್ಯಾಯಾಲಯಕ್ಕೆ ಹೋಗುತ್ತಾರೆ.

ಎರಡು ವರ್ಷದ ಗಡುವು ಯಾರಿಗೆ ಇಲ್ಲ

ತೀರ್ಪಿನಲ್ಲಿ ಹೆಚ್ಚು ತಪ್ಪಾಗಿ ಅರ್ಥವಾಗುತ್ತಿರುವುದು ಈ ಭಾಗ. ಎರಡು ವರ್ಷದ ಅವಕಾಶ ಸಿಕ್ಕಿರುವುದು ಈಗಾಗಲೇ ಸೇವೆಯಲ್ಲಿರುವವರಿಗೆ, ಅವರು ಇರುವ ಹುದ್ದೆಯಲ್ಲಿ ಮುಂದುವರಿಯುವುದಕ್ಕೆ. ಹೊಸದಾಗಿ ನೇಮಕವಾಗುವವರಿಗೆ ಟಿಇಟಿ ಮೊದಲೇ ಇರಬೇಕು. 2009ರಲ್ಲಿ ಕೆಲಸಕ್ಕೆ ಸೇರಿ ಹದಿನಾರು ವರ್ಷ ಪಾಠ ಮಾಡಿದ ಶಿಕ್ಷಕಿ ರಾಜೀನಾಮೆ ಕೊಟ್ಟು ಬೇರೆ ರಾಜ್ಯಕ್ಕೆ ಹೋದರೆ, ಅಲ್ಲಿನ ನೇಮಕಾತಿ ಪ್ರಾಧಿಕಾರದ ಕಣ್ಣಿಗೆ ಆಕೆ ಹೊಸ ಅಭ್ಯರ್ಥಿ. ಹಳೆಯ ಸೇವೆಗೆ ಸಿಕ್ಕಿದ್ದ ಗಡುವು ಆಕೆಯ ಜೊತೆ ಬರುವುದಿಲ್ಲ.

ರಾಜ್ಯ ಸರ್ಕಾರಿ ಶಿಕ್ಷಕರಿಗೆ ರಾಜ್ಯದಿಂದ ರಾಜ್ಯಕ್ಕೆ ವರ್ಗಾವಣೆ ಹಕ್ಕಾಗಿ ಸಿಗುವುದಿಲ್ಲ. ಪ್ರತಿ ರಾಜ್ಯದ ವೃಂದ ಮತ್ತು ನೇಮಕಾತಿ ನಿಯಮಗಳೇ ಬೇರೆ. ಬಡ್ತಿಯ ಸಾಲಿನಲ್ಲಿದ್ದ ಜ್ಯೇಷ್ಠತೆ ಅಲ್ಲಿಗೇ ಮುಗಿಯುತ್ತದೆ. ಸಂಗಾತಿ ಇರುವ ಊರಿಗೆ ವರ್ಗ ಕೊಡುವ ನಿಯಮವೂ ಆಯಾ ಸರ್ಕಾರದ ವ್ಯಾಪ್ತಿಯ ಒಳಗೆ ಮಾತ್ರ ಕೆಲಸ ಮಾಡುತ್ತದೆ.

ಒಂದು ಸಮಾಧಾನ ಇದೆ. ಟಿಇಟಿ ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷದ ಮಿತಿ ಇತ್ತು. 2021ರಲ್ಲಿ ಅದನ್ನು ತೆಗೆದು, 2011ರಿಂದಲೇ ಅನ್ವಯವಾಗುವಂತೆ ಜೀವನಪರ್ಯಂತ ಸಿಂಧುತ್ವ ಕೊಡಲಾಯಿತು. 2014ರಲ್ಲಿ ಸಿಟಿಇಟಿ ಪಾಸಾಗಿ, ಅವಧಿ ಮುಗಿಯಿತೆಂದು ಪ್ರಮಾಣಪತ್ರವನ್ನು ಬದಿಗಿಟ್ಟವರು ಅದನ್ನು ಹೊರತೆಗೆಯಬಹುದು.

90 ಅಂಕದ ಗೆರೆ

ಟಿಇಟಿ ಪಾಸಾಗಲು 150ಕ್ಕೆ 90 ಅಂಕ ಬೇಕು. ಮೀಸಲು ವರ್ಗಗಳಿಗೆ ರಾಜ್ಯಗಳು ತಮ್ಮ ಮೀಸಲಾತಿ ನೀತಿಯಂತೆ ಸಡಿಲಿಕೆ ಕೊಡಬಹುದು. ಶೇ 55ರ ಗೆರೆ ಇರುವ ಕಡೆ 82 ಅಥವಾ 83 ಅಂಕಕ್ಕೆ ಪಾಸಾಗುತ್ತದೆ. ಆದರೆ ಮುಂದೆ ಹೇಳುವ ಕಾರಣಕ್ಕೆ, ಗಡಿ ದಾಟಿದ ಅಭ್ಯರ್ಥಿ ಹೊಸ ರಾಜ್ಯದಲ್ಲಿ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಬೇಕಾಗುತ್ತದೆ. ಸಾಮಾನ್ಯ ವರ್ಗಕ್ಕೆ 90 ಬೇಕಾದಲ್ಲಿ ನಿಮ್ಮದು 84 ಏಕೆ ಎಂಬ ತಕರಾರು ಆಗ ಏಳಬಹುದು. 90ರ ಕೆಳಗಿರುವವರು ಇನ್ನೊಮ್ಮೆ ಬರೆದು ಆ ಗೆರೆ ದಾಟಿಕೊಳ್ಳುವುದೇ ಕ್ಷೇಮ. ಎಷ್ಟು ಸಲ ಬೇಕಾದರೂ ಬರೆಯಬಹುದು. ಒಮ್ಮೆ ಪಾಸಾದವರೂ ಅಂಕ ಸುಧಾರಣೆಗಾಗಿ ಮತ್ತೆ ಕೂರಬಹುದು.

ಸಿಟಿಇಟಿಯಲ್ಲಿ ಕನ್ನಡವೂ ಸೇರಿ 20 ಭಾಷೆಗಳಿಂದ ಎರಡನ್ನು ಆರಿಸಿಕೊಳ್ಳಬಹುದು. ಆದರೆ ಮಕ್ಕಳ ಮನೋವಿಕಾಸ, ಗಣಿತ, ಪರಿಸರ ಅಧ್ಯಯನದಂತಹ ಭಾಗಗಳ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಎಡವುವುದು ಅಲ್ಲಿಯೇ. ವಿಷಯ ಗೊತ್ತಿದ್ದರೂ ಪಾರಿಭಾಷಿಕ ಪದ ಗುರುತು ಸಿಗುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಂಗ್ಲಿಷ್‌ನಲ್ಲೇ ಬಿಡಿಸಿ ಅಭ್ಯಾಸ ಮಾಡಬೇಕು.

ಪದವಿ ನಡೆಯುತ್ತದೆ, ಆದರೆ

ಎನ್‌ಸಿಟಿಇ ಮಾನ್ಯತೆ ಇರುವ ಕಾಲೇಜಿನ ಬಿ.ಇಡಿ ಅಥವಾ ಡಿ.ಎಲ್.ಇಡಿಗೆ (ಪ್ರಾಥಮಿಕ ಶಿಕ್ಷಕರ ತರಬೇತಿಯ ಡಿಪ್ಲೊಮಾ) ದೇಶದ ಎಲ್ಲ ಕಡೆ ಮಾನ್ಯತೆ ಇದೆ. ಮಾನ್ಯತೆ ಇರಬೇಕಾದದ್ದು ನೀವು ಓದಿದ ವರ್ಷದಲ್ಲಿ. ಕಾಲೇಜು ಆಮೇಲೆ ಮುಚ್ಚಿದ್ದರೂ ಪರವಾಗಿಲ್ಲ, ಆ ವರ್ಷದ ಮಾನ್ಯತಾ ಆದೇಶದ ಪ್ರತಿ ಕೈಯಲ್ಲಿರಬೇಕು. ಪರಿಶೀಲನಾಧಿಕಾರಿಗೆ ಪಕ್ಕದ ರಾಜ್ಯದ ಕಾಲೇಜಿನ ಪರಿಚಯ ಇರುವುದಿಲ್ಲ. ಅದನ್ನು ಸಾಬೀತು ಮಾಡುವ ಹೊಣೆ ಅಭ್ಯರ್ಥಿಯದೇ.

ಒಂದರಿಂದ ಐದನೇ ತರಗತಿಗೆ ಬಿ.ಇಡಿ ಈಗ ನಡೆಯುವುದಿಲ್ಲ. ಎನ್‌ಸಿಟಿಇ 2018ರಲ್ಲಿ ಬಿ.ಇಡಿಯವರಿಗೂ ಆ ತರಗತಿಗಳನ್ನು ತೆರೆದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಚಿಕ್ಕ ಮಕ್ಕಳಿಗೆ ಕಲಿಸಲು ಬೇಕಾದ ತರಬೇತಿ ಡಿ.ಎಲ್.ಇಡಿಯದು ಎಂಬುದು ನ್ಯಾಯಾಲಯದ ನಿಲುವು. ಬಿ.ಇಡಿ ಮತ್ತು ಒಂದರಿಂದ ಐದನೇ ತರಗತಿಯ ಸಿಟಿಇಟಿ ಮೊದಲ ಪತ್ರಿಕೆ ಎರಡೂ ಇದ್ದವರು ಅದನ್ನೇ ನಂಬಿ ಬೇರೆ ರಾಜ್ಯದ ಪ್ರಾಥಮಿಕ ಹುದ್ದೆಗೆ ಅರ್ಜಿ ಹಾಕಿದರೆ ಶುಲ್ಕವೂ ಸಮಯವೂ ವ್ಯರ್ಥ. ಅವರ ದಾರಿ ಆರರಿಂದ ಎಂಟನೇ ತರಗತಿಯ ಎರಡನೇ ಪತ್ರಿಕೆ, ಇಲ್ಲವೇ ಪ್ರೌಢಶಾಲೆ.

ಆರನೇ ತರಗತಿಯ ಮೇಲೆ ಐಚ್ಛಿಕ ವಿಷಯಗಳ ತೊಡಕು ಬರುತ್ತದೆ. ಪದವಿಯಲ್ಲಿ ಓದಿದ ವಿಷಯ, ಬಿ.ಇಡಿಯಲ್ಲಿ ತೆಗೆದುಕೊಂಡ ಬೋಧನಾ ವಿಷಯ, ಟಿಇಟಿ ಎರಡನೇ ಪತ್ರಿಕೆಯ ಆಯ್ಕೆ ಮತ್ತು ಹುದ್ದೆ, ಈ ನಾಲ್ಕೂ ಹೊಂದಬೇಕು. ಒಂದು ರಾಜ್ಯ ಗಣಿತ ಮತ್ತು ವಿಜ್ಞಾನವನ್ನು ಒಂದೇ ಹುದ್ದೆಯಾಗಿ ಕರೆದರೆ ಇನ್ನೊಂದು ಬೇರೆ ಬೇರೆಯಾಗಿ ಕರೆಯುತ್ತದೆ. ಅಂಕಪಟ್ಟಿಯಲ್ಲಿ ಸಿಜಿಪಿಎ ಮಾತ್ರ ಇದ್ದರೆ, ಅದನ್ನು ಶೇಕಡಾವಾರಿಗೆ ಪರಿವರ್ತಿಸಿದ ಪತ್ರವನ್ನು ವಿಶ್ವವಿದ್ಯಾಲಯದಿಂದ ಊರು ಬಿಡುವ ಮೊದಲೇ ತೆಗೆದುಕೊಳ್ಳಬೇಕು.

ಹೆಸರಿನ ತೊಂದರೆ ಸಣ್ಣದಾಗಿ ಕಂಡರೂ ಕೆಲಸ ಕೆಡಿಸುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಮದುವೆಯ ನಂತರದ ದಾಖಲೆಗಳಲ್ಲಿ ಗಂಡನ ಹೆಸರು. ಅಡ್ಡಹೆಸರು ಕಡ್ಡಾಯ ಮಾಡಿರುವ ಅರ್ಜಿ ನಮೂನೆಯಲ್ಲಿ ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ತುಂಬಿದರೆ ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿಯ ಹೆಸರನ್ನೇ ಇಟ್ಟುಕೊಂಡು, ಉಳಿದವು ಒಬ್ಬರದೇ ಎಂಬ ಅಫಿಡವಿಟ್ ಮತ್ತು ವಿವಾಹ ನೋಂದಣಿ ಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು.

ಮೀಸಲಾತಿ ಗಡಿಯಲ್ಲೇ ನಿಲ್ಲುತ್ತದೆ

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿ ರಾಜ್ಯವಾರು ಇದೆ. ಒಂದು ರಾಜ್ಯದ ಪಟ್ಟಿಯಲ್ಲಿರುವವರು ಉದ್ಯೋಗಕ್ಕಾಗಿ ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿನ ರಾಜ್ಯ ಸೇವೆಯ ಮೀಸಲಾತಿ ಕೇಳಲಾಗದು ಎಂದು 2018ರ ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಅದೇ ಹೆಸರಿನ ಜಾತಿ ಹೊಸ ರಾಜ್ಯದ ಪಟ್ಟಿಯಲ್ಲಿ ಇದ್ದರೂ ಇದೇ ನಿಯಮ. ಹಿಂದುಳಿದ ವರ್ಗಗಳ ಪಟ್ಟಿಯೂ ರಾಜ್ಯಕ್ಕೊಂದು.

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ. ಜಾತಿ ಹುಟ್ಟಿನಿಂದ ಬರುತ್ತದೆ, ಮದುವೆಯಿಂದ ಬದಲಾಗುವುದಿಲ್ಲ. ತವರಿನ ರಾಜ್ಯದ ಪ್ರಮಾಣಪತ್ರ ಹೊಸ ರಾಜ್ಯದ ಹುದ್ದೆಗೆ ನಡೆಯುವುದಿಲ್ಲ, ಗಂಡನ ಜಾತಿಯ ಪ್ರಮಾಣಪತ್ರ ಆಕೆಗೆ ಸಿಗುವುದಿಲ್ಲ. ಹಿಂದುಳಿದ ವರ್ಗದ ಮೀಸಲಾತಿಗೆ ನೋಡುವ ಆದಾಯದ ವಿಷಯದಲ್ಲಂತೂ ಒಂದೇ ರಾಜ್ಯದ ಒಳಗೂ ಸ್ಪಷ್ಟತೆ ಇಲ್ಲ. ಕರ್ನಾಟಕದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ವಿವಾಹಿತೆಯರು ಕೊಡಬೇಕಾದದ್ದು ತಂದೆಯ ಜಾತಿ ಮತ್ತು ಆದಾಯ ಪತ್ರವೇ, ಗಂಡನದೇ ಎಂಬ ತಕರಾರು ಹೈಕೋರ್ಟ್ ಹತ್ತಿ ನೇಮಕಾತಿಯನ್ನೇ ತಡೆದಿತ್ತು.

ಕೇಂದ್ರ ಸರ್ಕಾರದ ಶಾಲೆಗಳಲ್ಲಿ ಈ ತೊಂದರೆ ಇಲ್ಲ. ತವರಿನ ರಾಜ್ಯದ ಪಟ್ಟಿಯ ಆಧಾರದಲ್ಲಿ, ಕೇಂದ್ರದ ನಮೂನೆಯಲ್ಲಿರುವ ಪ್ರಮಾಣಪತ್ರ ಕೊಟ್ಟರೆ ಮೀಸಲಾತಿ ಸಿಗುತ್ತದೆ. ಹಿಂದುಳಿದ ವರ್ಗದವರ ಜಾತಿ ಕೇಂದ್ರದ ಪಟ್ಟಿಯಲ್ಲೂ ಇರಬೇಕು. ರಾಜ್ಯದ ಪ್ರವರ್ಗ ಪತ್ರವನ್ನು ಅಪ್‌ಲೋಡ್ ಮಾಡಿ ಅವಕಾಶ ಕಳೆದುಕೊಳ್ಳುವವರು ಬಹಳ.

ಸ್ಥಳೀಯರಿಗೆ ಆದ್ಯತೆ ಬೇಕೆ?

ವಾಸಸ್ಥಳದ ಕಾರಣಕ್ಕೆ ಸರ್ಕಾರಿ ಕೆಲಸದಲ್ಲಿ ತಾರತಮ್ಯ ಮಾಡುವುದನ್ನು ಸಂವಿಧಾನದ 16ನೇ ವಿಧಿ ತಡೆಯುತ್ತದೆ. ಅಂಥ ಷರತ್ತು ಹಾಕುವ ಅಧಿಕಾರ ಸಂಸತ್ತಿಗೆ ಮಾತ್ರ. ಹಾಗಿದ್ದರೂ ಬೇರೆ ಬೇರೆ ದಾರಿಗಳಲ್ಲಿ ಸ್ಥಳೀಯ ಆದ್ಯತೆ ಉಳಿದಿದೆ. ತೆಲಂಗಾಣದಲ್ಲಿ 371-ಡಿ ವಿಧಿಯಡಿ ಹೊರಟ 2018ರ ರಾಷ್ಟ್ರಪತಿ ಆದೇಶದಂತೆ ಶೇ 95 ಹುದ್ದೆಗಳು ಸ್ಥಳೀಯರಿಗೆ. ಸ್ಥಳೀಯರು ಯಾರೆಂದು ತೀರ್ಮಾನಿಸುವುದು ಒಂದರಿಂದ ಏಳನೇ ತರಗತಿ ಓದಿದ ಊರು. ನಮ್ಮ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ 371-ಜೆ ವಿಧಿಯಡಿ ಸಿ ಗುಂಪಿನ ಹುದ್ದೆಗಳ ಶೇ 80 ಭಾಗ ಆ ಭಾಗದವರಿಗೆ ಮೀಸಲು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಳೂ ಶಾಲೆಯಲ್ಲಿ ಓದಿದ ವರ್ಷಗಳನ್ನೇ ನೋಡುತ್ತವೆ. ತಮಿಳುನಾಡು 2021ರಿಂದ ಸರ್ಕಾರಿ ನೇಮಕಾತಿಗಳಲ್ಲಿ ತಮಿಳು ಪತ್ರಿಕೆಯಲ್ಲಿ ಕನಿಷ್ಠ ಶೇ 40 ಅಂಕ ಕಡ್ಡಾಯ ಮಾಡಿದೆ. ಬಿಹಾರ 2023ರ ಜೂನ್‌ನಲ್ಲಿ ಶಿಕ್ಷಕ ನೇಮಕಾತಿಯ ನಿವಾಸಿ ಷರತ್ತನ್ನು ತೆಗೆದು ಹೊರ ರಾಜ್ಯದವರಿಗೆ ಬಾಗಿಲು ತೆರೆಯಿತು. ಸ್ಥಳೀಯ ಯುವಕರ ಪ್ರತಿಭಟನೆ ನಡೆಯಿತು, 2025ರ ಆಗಸ್ಟ್‌ನಲ್ಲಿ ಮತ್ತೆ ಸ್ಥಳೀಯ ಆದ್ಯತೆಯ ಘೋಷಣೆ ಬಂತು.

ಆದ್ಯತೆಯ ಪರ ಇರುವವರ ಮಾತಿನಲ್ಲಿ ಗಟ್ಟಿ ಕಾಳಿದೆ. ಒಂದನೇ ತರಗತಿಯ ಮಗುವಿಗೆ ತನ್ನ ಮಾತು ಅರ್ಥವಾಗುವ ಶಿಕ್ಷಕರು ಬೇಕು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದಾಗ ಪೋಷಕರು ಬೀದಿಗಿಳಿದದ್ದು ಇದೇ ಕಾರಣಕ್ಕೆ. ದೂರದಿಂದ ಬಂದವರು ಪ್ರೊಬೇಷನ್ ಮುಗಿಯುತ್ತಲೇ ಊರಿನತ್ತ ಮುಖ ಮಾಡುತ್ತಾರೆ, ಹಳ್ಳಿಯ ಹುದ್ದೆ ಮತ್ತೆ ಖಾಲಿಯಾಗುತ್ತದೆ ಎಂಬುದೂ ಅವರ ವಾದ. ಎದುರು ಪಕ್ಷದವರು ಹೇಳುವುದು ಇದು: ಗಣಿತ, ವಿಜ್ಞಾನದ ಶಿಕ್ಷಕರಿಲ್ಲದ ಕಡೆ ಅರ್ಹರನ್ನು ತಡೆದರೆ ನಷ್ಟವಾಗುವುದು ಮಕ್ಕಳಿಗೇ. ಮದುವೆಯ ಕಾರಣಕ್ಕೆ ಊರು ಬಿಡುವವರಲ್ಲಿ ಬಹುಪಾಲು ಮಹಿಳೆಯರು, ನಿವಾಸಿ ಷರತ್ತು ಅವರ ವೃತ್ತಿಯನ್ನೇ ಕಡಿಯುತ್ತದೆ.

ಈ ಎರಡು ವಾದಗಳನ್ನು ಬೇರ್ಪಡಿಸಿ ನೋಡಿದರೆ ಪರಿಹಾರ ಸಿಗುತ್ತದೆ. ಬೇಕಾದದ್ದು ಭಾಷೆ, ಹುಟ್ಟೂರಲ್ಲ. ಮಕ್ಕಳ ಮನೋವಿಕಾಸವನ್ನೋ ಗಣಿತವನ್ನೋ ಒಮ್ಮೆ ಬರೆದು ಪಾಸಾದವರಿಗೆ ಗಡಿಯಾಚೆ ಅದನ್ನೇ ಮತ್ತೆ ಬರೆಸುವುದರಿಂದ ಹೊಸದೇನೂ ತಿಳಿಯುವುದಿಲ್ಲ. ಬೇರೆ ರಾಜ್ಯದ ಟಿಇಟಿಯನ್ನು ಒಪ್ಪಿಕೊಂಡು, ಅದರ ಜೊತೆ ಸ್ಥಳೀಯ ಭಾಷೆಯ ಒಂದು ಪತ್ರಿಕೆಯನ್ನು ಕಟ್ಟುನಿಟ್ಟಾಗಿ ಬರೆಸಿದರೆ ಮಗುವಿನ ಹಿತವೂ ಶಿಕ್ಷಕರ ಹಿತವೂ ಉಳಿಯುತ್ತದೆ. 2011ರ ಮಾರ್ಗಸೂಚಿಯಲ್ಲಿ ಅದಕ್ಕೆ ಈಗಾಗಲೇ ಅವಕಾಶ ಇದೆ. ಹೊಸ ಕಾನೂನು ಬೇಕಿಲ್ಲ, ರಾಜ್ಯ ಸರ್ಕಾರದ ಒಂದು ಆದೇಶ ಸಾಕು.

ಯಾವ ಬಾಗಿಲು ಎಷ್ಟು ತೆರೆದಿದೆ

ಹೋದ ಮೊದಲ ವರ್ಷದಲ್ಲಿ ಕೈಗೆಟುಕುವುದು ಅನುದಾನರಹಿತ ಖಾಸಗಿ ಶಾಲೆ. ಯಾವ ರಾಜ್ಯದ ಟಿಇಟಿ ಆದರೂ ಅಲ್ಲಿ ಮಾತನಾಡಿ ನೋಡಬಹುದು, ಸಿಟಿಇಟಿ ಇದ್ದರೆ ಇನ್ನೂ ಸುಲಭ. ಸಿಬಿಎಸ್ಇ ಶಾಲೆಗಳಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ, ಸಂದರ್ಶನ ಮತ್ತು ಡೆಮೊ ತರಗತಿಗಳು ಅದಕ್ಕೆ ಮೊದಲಿನ ಮೂರು ತಿಂಗಳಲ್ಲಿ ನಡೆಯುತ್ತವೆ. ಜೂನ್‌ನಲ್ಲಿ ಊರು ತಲುಪಿ ಹುಡುಕಲು ಶುರು ಮಾಡಿದರೆ ಸಿಗುವುದು ಹೆರಿಗೆ ರಜೆಯ ಬದಲಿ ಹುದ್ದೆ ಮಾತ್ರ. ಅದನ್ನೂ ಬಿಡಬಾರದು. ಹೊಸ ರಾಜ್ಯದ ಒಂದು ಅನುಭವ ಪತ್ರ ಮುಂದಿನ ಸಂದರ್ಶನದಲ್ಲಿ ಕೆಲಸಕ್ಕೆ ಬರುತ್ತದೆ.

ಕೇಂದ್ರೀಯ ವಿದ್ಯಾಲಯ ಮತ್ತು ನವೋದಯ ವಿದ್ಯಾಲಯಗಳಿಗೆ ಯಾವ ರಾಜ್ಯದವರೂ ಅರ್ಜಿ ಹಾಕಬಹುದು. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕಕ್ಕೆ ಸಿಟಿಇಟಿ ಮೊದಲ ಪತ್ರಿಕೆ, ಟಿಜಿಟಿಗೆ (ತರಬೇತಿ ಪಡೆದ ಪದವೀಧರ ಶಿಕ್ಷಕ) ಎರಡನೇ ಪತ್ರಿಕೆ ಬೇಕು, ಪಿಜಿಟಿಗೆ (ಸ್ನಾತಕೋತ್ತರ ಪದವೀಧರ ಶಿಕ್ಷಕ) ಬೇಡ. ವಯೋಮಿತಿ ಕ್ರಮವಾಗಿ 30, 35, 40. ಸಡಿಲಿಕೆ ಯಾರಿಗೆ ಎಂಬುದನ್ನು ಆಯಾ ಅಧಿಸೂಚನೆಯಲ್ಲಿ ನೋಡಬೇಕು. ಆಯ್ಕೆಯಾದರೆ ದೇಶದ ಯಾವ ಮೂಲೆಗಾದರೂ ಹಾಕಬಹುದು. ಮನೆಯವರ ಜೊತೆ ಇರಬೇಕೆಂದೇ ಊರು ಬದಲಿಸಿದವರು ಇದನ್ನು ಮೊದಲೇ ಯೋಚಿಸಬೇಕು.

ಕನ್ನಡವೇ ಬಂಡವಾಳವಾಗುವ ಕಡೆಗಳೂ ಇವೆ. ಕಾಸರಗೋಡಿನ ಕನ್ನಡ ಮಾಧ್ಯಮ ಹುದ್ದೆಗಳನ್ನು ಕೇರಳ ಲೋಕಸೇವಾ ಆಯೋಗ ಪ್ರತ್ಯೇಕವಾಗಿ ಕರೆಯುತ್ತದೆ, ಅದಕ್ಕೆ ಕೇರಳದ ಟಿಇಟಿಯಾದ ಕೆ-ಟೆಟ್ ಬೇಕು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಭಾಗದಲ್ಲೂ ಕನ್ನಡ ಶಾಲೆಗಳಿವೆ. ಹೊರಗಿನಿಂದ ಕರ್ನಾಟಕಕ್ಕೆ ಬರುವವರಿಗೆ ಇದರ ಉಲ್ಟಾ ಲೆಕ್ಕ. ಸರ್ಕಾರಿ ಹುದ್ದೆಗೆ ಕನ್ನಡ ಬೇಕೇ ಬೇಕು. ಕನ್ನಡ ಬಾರದೆ ಬಂದವರು ಮೊದಲ ವರ್ಷವನ್ನು ಖಾಸಗಿ ಶಾಲೆಯಲ್ಲಿ ಕಳೆಯುತ್ತ ಓದು ಬರಹ ಕಲಿತುಕೊಳ್ಳುವುದು ಒಳ್ಳೆಯದು. ಪ್ರೌಢಶಾಲೆಗೆ, ಅಂದರೆ ಒಂಬತ್ತು ಮತ್ತು ಹತ್ತಕ್ಕೆ, ಶಿಕ್ಷಣ ಹಕ್ಕು ಕಾಯ್ದೆಯ ಟಿಇಟಿ ಅನ್ವಯಿಸುವುದಿಲ್ಲ. ಆದರೂ ಕೇರಳದ ಕೆ-ಟೆಟ್‌ನಲ್ಲಿ ಪ್ರೌಢಶಾಲೆಗೂ ಒಂದು ವಿಭಾಗ ಇದೆ. ಅತಿಥಿ ಶಿಕ್ಷಕ ಹುದ್ದೆ ಬೇಗ ಸಿಗುತ್ತದೆ, ಅಷ್ಟೇ ಬೇಗ ಮುಗಿಯುತ್ತದೆ. ಗೌರವಧನದ ಮೇಲೆ ನಡೆಯುವ ಆ ಕೆಲಸ ಕಾಯಂ ಆಗುತ್ತದೆಂದು ಎಣಿಸಿ ಬೇರೆ ಪರೀಕ್ಷೆಗಳನ್ನು ಬಿಡಬಾರದು.

ರಾಜೀನಾಮೆಗೆ ಮೊದಲು

ಸರ್ಕಾರಿ ಸೇವೆಯಲ್ಲಿ ಇರುವವರು ಬೇರೆ ಸರ್ಕಾರದ ಹುದ್ದೆಗೆ ಸೂಕ್ತ ಮಾರ್ಗದ ಮೂಲಕವೇ, ಅಂದರೆ ಇಲಾಖೆಯ ನಿರಾಕ್ಷೇಪಣಾ ಪತ್ರ ಪಡೆದೇ ಅರ್ಜಿ ಹಾಕಬೇಕು. ಮೊದಲು ರಾಜೀನಾಮೆ ಕೊಟ್ಟು ಆಮೇಲೆ ಅರ್ಜಿ ಹಾಕಿದರೆ ಹಿಂದಿನ ಸೇವೆಯನ್ನು ವೇತನ ರಕ್ಷಣೆಗೋ ಪಿಂಚಣಿಗೋ ಸೇರಿಸಿ ಎಂದು ಕೇಳುವ ದಾರಿ ಮುಚ್ಚುತ್ತದೆ. ರಾಷ್ಟ್ರೀಯ ಪಿಂಚಣಿ ಯೋಜನೆ ಎನ್‌ಪಿಎಸ್‌ನಲ್ಲಿ ಇರುವವರ ಪ್ರಾನ್ (ಕಾಯಂ ಪಿಂಚಣಿ ಖಾತೆ) ಸಂಖ್ಯೆ ಬದಲಾಗುವುದಿಲ್ಲ, ಹೊಸ ಉದ್ಯೋಗದಾತರ ಕಡೆಗೆ ವರ್ಗಾಯಿಸಿಕೊಳ್ಳಬಹುದು. ಹಣ ಹಿಂಪಡೆಯುವ ಅರ್ಜಿಗೆ ಅವಸರದಿಂದ ಸಹಿ ಹಾಕಬಾರದು.

ಖಾಸಗಿ ಶಾಲೆ ಬಿಡುವವರಿಗೆ ಬಿಡುಗಡೆ ಪತ್ರ ಒಂದೇ ಸಾಲದು. ಅನುಭವ ಪ್ರಮಾಣಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ಪಾಠ ಮಾಡಿದ ತರಗತಿ ಮತ್ತು ವಿಷಯ, ಶಾಲೆಗೆ ಸರ್ಕಾರ ಕೊಡುವ ಯು-ಡೈಸ್ ಗುರುತಿನ ಸಂಖ್ಯೆ ಮತ್ತು ಮಾನ್ಯತೆಯ ವಿವರ ಇರಬೇಕು. 'ಇವರು ನಮ್ಮ ಶಾಲೆಯಲ್ಲಿ ಕೆಲಸ ಮಾಡಿದ್ದಾರೆ' ಎಂಬ ಒಂದು ಸಾಲಿನ ಪತ್ರವನ್ನು ಪರಿಶೀಲನೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲವು ಕಡೆ ಆ ಪತ್ರದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ಸಹಿಯನ್ನೂ ಕೇಳುತ್ತಾರೆ. ನೂರಾರು ಕಿಲೋಮೀಟರ್ ದೂರದಿಂದ ಮತ್ತೆ ಬಂದು ಅದನ್ನು ಮಾಡಿಸುವುದು ಕಷ್ಟ. ಸಂಬಳದ ಬ್ಯಾಂಕ್ ವಿವರ ಮತ್ತು ಭವಿಷ್ಯ ನಿಧಿಯ ಯುಎಎನ್ (ಖಾತೆ ಸಂಖ್ಯೆ) ದಾಖಲೆ ಜೊತೆಗಿದ್ದರೆ, ಪತ್ರದ ಮೇಲೆ ಅನುಮಾನ ಬಂದಾಗ ತೋರಿಸಲು ಆಧಾರ ಇರುತ್ತದೆ.